1930ರ ಸೇಬು ‘ಔಷಧಿ ಕಾಣದ್ದು’ ಅಲ್ಲ

ಏಣಿ ಹಾಕಿ ಸೇಬು ಕೀಳುತ್ತಿರುವ ಅಮೆರಿಕದ ರೈತ ಕುಟುಂಬದ ಹಳೇ ಫೋಟೊ ಒಂದು ಓಡಾಡುತ್ತಿದೆ. ಕೆಳಗೆ, ‘1930ರ ದಶಕ, ಬಡತನವಿತ್ತು, ಆದರೆ ವಿಷವಿರಲಿಲ್ಲ’ ಎಂಬ ಸಾಲು. ಬಡತನ ನಿಜ. ವಿಷದ ಮಾತು ಸುಳ್ಳು.

ಡಿಡಿಟಿ ಎಂಬ ಕೀಟನಾಶಕ ತೋಟಕ್ಕೆ ಬಂದದ್ದು 1940ರ ದಶಕದಲ್ಲಿ, ಸರಿ. ಅದಕ್ಕೂ ಮೊದಲು ಹೊಡೆಯುತ್ತಿದ್ದದ್ದು ಲೆಡ್ ಆರ್ಸೆನೇಟ್, ಅಂದರೆ ಸೀಸ ಮತ್ತು ಪಾಷಾಣ (ಆರ್ಸೆನಿಕ್)! ಹಣ್ಣು ಕೊರೆಯುವ ಹುಳುವಿಗೆ ಅದೇ ಮದ್ದು. ಹೂವಿನ ಎಸಳು ಉದುರಿದ ಕೂಡಲೇ ಶುರು. ಬೇಸಿಗೆಯಲ್ಲಿ ಮತ್ತೆ ಮತ್ತೆ ಹೊಡೆಯಬೇಕು. ಬಿಳಿ ಪುಡಿಯನ್ನು ನೀರಿಗೆ ಕಲಸಿ, ಪೈಪ್ ಹಿಡಿದು ಮರಮರಕ್ಕೂ ಹೋಗುವುದು. ಎಲೆ, ಹಣ್ಣು, ಹೊಡೆಯುವವರ ಅಂಗಿ ಎಲ್ಲಕ್ಕೂ ಬಿಳಿ ಕಲೆ.

1920ರ ದಶಕದಲ್ಲೇ ಅಮೆರಿಕದ ಸೇಬಿನ ಮೇಲೆ ಪಾಷಾಣ ಉಳಿದಿದೆ ಎಂದು ಬ್ರಿಟನ್ ತಕರಾರು ತೆಗೆದಿತ್ತು. ಆಮೇಲೆ ವಾಷಿಂಗ್ಟನ್ ರಾಜ್ಯದಲ್ಲಿ ಹಣ್ಣನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆದು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ತುಂಬುತ್ತಿದ್ದರು. ಬೆಲೆ ಬಿದ್ದುಹೋದ ಕಾಲದಲ್ಲಿ ಇದೂ ಒಂದು ಖರ್ಚು ಅಲ್ವಾ?

ಆ ರಾಜ್ಯದ ಹಳೇ ಸೇಬು ತೋಟಗಳ ಮಣ್ಣಿನಲ್ಲಿ ಸೀಸ, ಪಾಷಾಣ ಇವತ್ತಿಗೂ ಸಿಗುತ್ತವೆ.