ಪರೀಕ್ಷಾಧಿಕಾರಿ ಮಾರ್ಜಾಲ

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. 2024ರಲ್ಲಿ ಅಮೆರಿಕದ ಡೈರಿಗಳಲ್ಲಿ ಈ ಗಾದೆ ತಲೆಕೆಳಗಾಯಿತು. ಬೆಕ್ಕು ಕಣ್ಣು ಬಿಟ್ಟುಕೊಂಡೇ ಹಾಲು ಕುಡಿಯಿತು. ಕಣ್ಣು ಮುಚ್ಚಿಕೊಂಡಿದ್ದು ಲೋಕ.

ಆ ವರ್ಷದ ಆರಂಭದಲ್ಲಿ ಟೆಕ್ಸಾಸ್‌ನ ಉತ್ತರ ಭಾಗದ ಹಸುಗಳು ಮೇವು ಬಿಟ್ಟವು, ಹಾಲು ಕಡಿಮೆಯಾಯಿತು, ಬಂದ ಹಾಲೂ ಕರು ಹಾಕಿ ತಿಂಗಳುಗಳಾದ ಹಸುವಿನ ಕೆಚ್ಚಲಿನಿಂದ ಗಿಣ್ಣಿನಂತೆ ಹಳದಿಯಾಗಿ, ಮಂದವಾಗಿ ಬರತೊಡಗಿತು. ಹಲವು ಪರೀಕ್ಷೆಗಳು ನಡೆದರೂ ಹಕ್ಕಿಜ್ವರದ ಪರೀಕ್ಷೆ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅದು ಯಾರಿಗೆ ಬರುವ ಜ್ವರವೆಂದು ಹೆಸರಿನಲ್ಲೇ ಬರೆದಿದೆಯಲ್ಲ. ಅಷ್ಟರಲ್ಲಿ ಒಂದು ಡೈರಿಯಲ್ಲಿ ಹಸಿ ಹಾಲು ಕುಡಿದ ಸುಮಾರು 24 ಬೆಕ್ಕುಗಳ ಪೈಕಿ ಅರ್ಧಕ್ಕೂ ಹೆಚ್ಚು ಸತ್ತವು. ಸಾಯುವ ಮುನ್ನ ಕೆಲವಕ್ಕೆ ಕಣ್ಣು ಕಾಣದಾಗಿ, ಅವು ನಿಂತಲ್ಲೇ ಸುತ್ತುತ್ತಿದ್ದವು. ಹಾಲಿನಲ್ಲೂ ಬೆಕ್ಕಿನ ಮಿದುಳಿನಲ್ಲೂ ಹಕ್ಕಿಜ್ವರದ ಎಚ್5ಎನ್1 ವೈರಸ್ ಸಿಕ್ಕಿತು. ಮಾರ್ಚ್ 25ರಂದು ಸರ್ಕಾರ ರೋಗವನ್ನು ಘೋಷಿಸಿತು. ವೈರಸ್ಸಿನ ವಂಶಾವಳಿಯನ್ನು ಜಾಲಾಡಿದಾಗ, ಅದು 2023ರ ಕೊನೆಯ ಹೊತ್ತಿಗೇ ಹಸುಗಳಲ್ಲಿ ಬಿಡಾರ ಹೂಡಿತ್ತೆಂದು ತಿಳಿಯಿತು. ತಿಂಗಳುಗಟ್ಟಲೆ ನಡೆದ ಈ ವ್ಯವಹಾರದಲ್ಲಿ ಸ್ಥಳದಲ್ಲೇ ಫಲಿತಾಂಶ ಕೊಟ್ಟ ಏಕೈಕ ಪರೀಕ್ಷಾ ಸಾಧನಕ್ಕೆ ನಾಲ್ಕು ಕಾಲು, ಒಂದು ಬಾಲ ಇದ್ದವು.

ಬಳಿಕ ಆದೇಶಗಳ ಸುಗ್ಗಿ ಶುರುವಾಯಿತು. ಏಪ್ರಿಲ್ 29ರಿಂದ, ಕರೆಯುವ ಹಸುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವ ಮುನ್ನ ಪರೀಕ್ಷೆ ಕಡ್ಡಾಯವಾಯಿತು. ಸಾವಿರ ಕಿಲೋಮೀಟರಿಗೂ ಉದ್ದವಿರುವ ಟೆಕ್ಸಾಸ್‌ನೊಳಗೇ ಈ ತುದಿಯಿಂದ ಆ ತುದಿಗೆ ಹೊರಟ ಹಸುವಿಗೆ ಈ ಆದೇಶ ಅನ್ವಯಿಸಲಿಲ್ಲ. ವೈರಸ್ಸು ರಾಜ್ಯದ ಗಡಿ ಕಂಡೊಡನೆ ಮಾತ್ರ ಮೈ ಕೊಡವಿಕೊಂಡು ಏಳುತ್ತದೆಂದು ಭಾವಿಸಿರಬೇಕು. ಗುಂಪು ಎಷ್ಟೇ ದೊಡ್ಡದಿರಲಿ, 30 ಹಸುಗಳನ್ನು ಪರೀಕ್ಷಿಸಿದರೆ ಸಾಕಿತ್ತು. ಮುನ್ನೂರು ಹಸುಗಳ ಗುಂಪಿನಲ್ಲಿ ಮೂವತ್ತೊಂದನೆಯವಳು ಪುಣ್ಯವಂತೆ.

ಮಾದರಿ ತೆಗೆಯುವುದಾದರೂ ಬ್ರಹ್ಮವಿದ್ಯೆಯೇ? ನಾಲ್ಕು ಮೊಲೆಗಳಿಂದಲೂ ಒಂದಿಷ್ಟು ಹಾಲನ್ನು ಕೊಳವೆಗೆ ಹಿಂಡಿಕೊಂಡರೆ ಮುಗಿಯಿತು, ಏಕೆಂದರೆ ಈ ವೈರಸ್ಸು ಮೂಗಿಗಿಂತ ಕೆಚ್ಚಲಿನಲ್ಲೇ ಹೆಚ್ಚು. ಆದರೆ ಆ ಕೊಳವೆ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಹೋಗಬೇಕು, ಅಲ್ಲಿ ಅನುಮಾನ ಬಂದರೆ ಅಯೋವಾ ರಾಜ್ಯದ ಏಮ್ಸ್‌ನಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯದ ಮುದ್ರೆ ಬೀಳಬೇಕು. ಅಷ್ಟರಲ್ಲಿ ಹಾಲು ಕರೆಯುವ ಯಂತ್ರದ ಬಟ್ಟಲುಗಳು ಒಂದು ಕೆಚ್ಚಲಿನಿಂದ ಮುಂದಿನ ಕೆಚ್ಚಲಿಗೆ, ಯಾವ ಮುದ್ರೆಯನ್ನೂ ಕೇಳದೆ, ಪ್ರಸಾದ ಹಂಚುತ್ತಾ ಸಾಗುತ್ತಿರುತ್ತವೆ. ಕೋವಿಡ್ ಕಾಲದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹದಿನೈದು ನಿಮಿಷಕ್ಕೆ ಎರಡು ಗೆರೆ ಓದಲು ಕಲಿತ ದೇಶವಿದು. ಡೈರಿ ಮಾಲೀಕರ ಲೆಕ್ಕವೇ ಬೇರೆ: ಪರೀಕ್ಷಿಸಿದರೆ ತಾನೆ ರೋಗ? ಅವರನ್ನು ದೂರಿ ಫಲವಿಲ್ಲ, ಸಿಕ್ಕಿಬಿದ್ದವನ ವ್ಯಾಪಾರಕ್ಕಷ್ಟೇ ಪೆಟ್ಟು ಬೀಳುವ ಕಡೆ ನಾವೂ ಹಾಗೆಯೇ ಲೆಕ್ಕ ಹಾಕುತ್ತಿದ್ದೆವು.

ಇಲಾಖೆಗಳ ಹಂಚಿಕೆಯಂತೂ ಅಣ್ಣತಮ್ಮಂದಿರ ಪಾಲುಪಟ್ಟಿಯಷ್ಟೇ ಕರಾರುವಾಕ್ಕು. ಹಸು ಕೃಷಿ ಇಲಾಖೆಯದು. ಅಂಗಡಿ ಸೇರಿದ ಹಾಲು ಆಹಾರ ಮತ್ತು ಔಷಧ ಆಡಳಿತದ್ದು. ವೈರಸ್ಸು ತಗುಲಿ ಕೆಂಪಾದ, ಹಾಲು ಕರೆದವನ ಕಣ್ಣು ರೋಗ ನಿಯಂತ್ರಣ ಕೇಂದ್ರದ್ದು. ಟೆಕ್ಸಾಸ್‌ನಲ್ಲಿ ಅಂಥ ಮೊದಲ ಕಣ್ಣಿನ ಸುದ್ದಿ ಏಪ್ರಿಲ್ 1ರಂದು ಬಂತು; ಮೂರ್ಖರ ದಿನವಾದರೂ ಸುದ್ದಿ ನಿಜವಾಗಿತ್ತು. ಅಂಗಡಿಯ ಹಾಲಿನ ಮಾದರಿಗಳಲ್ಲಿ ಐದರಲ್ಲೊಂದರಲ್ಲಿ ವೈರಸ್ಸಿನ ತುಣುಕುಗಳು ಸಿಕ್ಕವು. ರೋಗಾಣು ಕೊಲ್ಲಲು ಹಾಲನ್ನು ಕಾಯಿಸುವ ಪಾಶ್ಚರೀಕರಣದ ಕಾವಿಗೆ ವೈರಸ್ಸು ಸತ್ತಿತ್ತು. ಪ್ಯಾಕೆಟ್ ಹಾಲನ್ನೂ ಮತ್ತೊಮ್ಮೆ ಉಕ್ಕಿಸುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಅಚ್ಚರಿಯೇನಿಲ್ಲ, ಆದರೆ ಹಸಿ ಹಾಲೇ ಅಮೃತವೆನ್ನುವ ಅಮೆರಿಕನ್ನರಿಗೆ ಅಜ್ಜಿಯರ ಮಾತು ಕೇಳುವ ವ್ಯವಧಾನವಿರಲಿಲ್ಲ.

ದೇಶದ ಡೈರಿಗಳ ಹಸಿ ಹಾಲನ್ನೆಲ್ಲ ಪರೀಕ್ಷಿಸುವ ಆದೇಶ ಹೊರಬಿದ್ದದ್ದು ಡಿಸೆಂಬರ್ 6ರಂದು. ಮಾರ್ಚ್‌ನಿಂದ ಡಿಸೆಂಬರ್ ಎಂದರೆ, ಹಸುವಿನ ಒಂದು ಗರ್ಭಾವಧಿಗೆ ತುಸು ಕಡಿಮೆ. ಸರ್ಕಾರ ದಿನ ತುಂಬುವ ಮೊದಲೇ ಹೆತ್ತಿತೆಂದು ಸಮಾಧಾನಪಟ್ಟುಕೊಳ್ಳಬಹುದು.

ಇದರ ಬದಲು ಡೈರಿಗೊಂದು ಬೆಕ್ಕನ್ನು ಅಧಿಕೃತವಾಗಿಯೇ ನೇಮಿಸಬಹುದಿತ್ತು. ಸಂಬಳ ಹಾಲಿನ ರೂಪದಲ್ಲಿ, ವರದಿ ಕೊಟ್ಟ ದಿನವೇ ನಿವೃತ್ತಿ, ಪಿಂಚಣಿಯ ಹೊರೆಯಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನಂತೆ ಹಾಲು ಕಂಡೊಡನೆ ಓಡುವ ಅಭ್ಯರ್ಥಿಗಳನ್ನು ಮಾತ್ರ ಸಂದರ್ಶನದಲ್ಲೇ ಕೈಬಿಡಬೇಕು. ಕಡತ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ: ಬೆಕ್ಕು ಹಸುವಲ್ಲ, ಹಾಲಲ್ಲ, ಮನುಷ್ಯನೂ ಅಲ್ಲ, ನೇಮಕಾತಿ ಪತ್ರಕ್ಕೆ ಸಹಿ ಹಾಕಬೇಕಾದ ಇಲಾಖೆ ಯಾವುದು?