ಟ್ರ್ಯಾಕ್ಟರ್ ಬೇರಿಂಗಿಗೆ ನಂಬರ್ ಇತ್ತು, ಮಾವನ ಸೊಂಟಕ್ಕೆ ಇರಲಿಲ್ಲ

ಸಿಂಧನೂರು ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆ. ಅಲ್ಲಿ ಒಂದು ತಗಡಿನ ಟ್ರಂಕಿದೆ. ಅದರಲ್ಲಿ ಪಹಣಿ ಇದೆ, ಟ್ರ್ಯಾಕ್ಟರ್ ಆರ್‌ಸಿ ಇದೆ, ಬೋರ್ ಮೋಟಾರಿನ ವಾರಂಟಿ ಕಾರ್ಡ್ ಇದೆ. ಟ್ರ್ಯಾಕ್ಟರಿಗೆ ಒಂದು ಬೇರಿಂಗ್ ಹಾಕಿಸಿದರೂ ಮಾವ ಅದರ ಖಾಲಿ ಡಬ್ಬಿ ಎಸೆಯೋದಿಲ್ಲ. ಮೇಲಿರೋ ನಂಬರ್ ಮುಂದೆ ಬೇಕಾಗುತ್ತೆ ಅಂತ ಅದನ್ನೂ ಟ್ರಂಕಿಗೆ ಹಾಕುತ್ತಾರೆ.

2015ರ ಬೇಸಿಗೆಯಲ್ಲಿ ಆ ಟ್ರಂಕನ್ನು ನೆಲಕ್ಕೆ ಸುರಿದು ನಾನು, ಅತ್ತೆ, ಮಾವನ ಮಗ ಮೂವರೂ ಎರಡು ತಾಸು ಹುಡುಕಿದೆವು. ಮಾವನಿಗೆ 2008ರಲ್ಲಿ ಹಾಕಿದ ಸೊಂಟದ ಕೀಲು ಯಾವುದು ಅಂತ ಹೇಳುವ ಒಂದು ಚೀಟಿ ಬೇಕಿತ್ತು. ಸಿಕ್ಕಿದ್ದು ಮಾಸಿ ಹೋದ ಒಂದೇ ಡಿಸ್ಚಾರ್ಜ್ ಹಾಳೆ. ಅದರಲ್ಲಿ ಆಪರೇಷನ್ ಹೆಸರಿತ್ತು, ಟಾಂಕಾ ಯಾವಾಗ ಬಿಚ್ಚಬೇಕು ಅಂತ ಇತ್ತು. ಏನು ಹಾಕಿದ್ದಾರೆ ಅಂತ ಒಂದಕ್ಷರ ಇರಲಿಲ್ಲ.

ಮಾವ ಬಾಗಿಲ ಹತ್ತಿರ ಕುರ್ಚಿ ಮೇಲೆ ಕೂತು ನೋಡ್ತಾ ಇದ್ದರು. "ಅಲ್ಲೋ, ಬೇರಿಂಗಿಗೂ ನಂಬರ್ ಇರತೈತಿ. ನನ್ನ ಟೊಂಕದಾಗಿನ ಕೀಲಿಗೆ ಇಲ್ಲೇನು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದನ್ನು ಈಗ ಬರೆಯೋಕೆ ಕಾರಣ ಇದೆ, ಕೊನೆಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಮಾವನಿಗೆ ಆಪರೇಷನ್ ಆದಾಗ ವಯಸ್ಸು 44. ತೊಡೆ ಮೂಳೆಯ ತಲೆಗೆ ರಕ್ತ ಸರಿಯಾಗಿ ಹೋಗದೆ ಅದು ಕುಸಿದು ಹೋಗಿತ್ತು. ನಮ್ಮ ಕಡೆಯವರು ದೊಡ್ಡ ಆಪರೇಷನ್ ಅಂದ್ರೆ ಹೈದರಾಬಾದಿಗೆ ಹೋಗೋದು ರೂಢಿ, ಮಾವನೂ ಹೋದರು. ಅಲ್ಲಿನ ಡಾಕ್ಟರು, "ವಯಸ್ಸು ಚಿಕ್ಕದು, ಹೊಲದ ಕೆಲಸ ಮಾಡೋರು, ನಿಮಗೆ ಲೋಹದ ಗುಂಡು, ಲೋಹದ ಬಟ್ಟಲು ಇರೋ ಕೀಲೇ ಒಳ್ಳೇದು, ಬೇಗ ಸವೆಯಲ್ಲ" ಅಂದರಂತೆ. ಆಗಿನ ಕಾಲಕ್ಕೆ ಅದು ಸುಳ್ಳು ಮಾತಲ್ಲ. ಜಗತ್ತಿನ ತುಂಬ ಡಾಕ್ಟರುಗಳು ಹಾಗೇ ನಂಬಿದ್ದರು. ಸೊಂಟದ ಕೀಲು ಅಂದ್ರೆ ಬಟ್ಟಲಿನೊಳಗೆ ತಿರುಗುವ ಗುಂಡು. ಮೊದಲಿಂದ ಇದ್ದದ್ದು ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು. ಪ್ಲಾಸ್ಟಿಕ್ ಸವೆಯುತ್ತೆ ಅನ್ನೋ ಚಿಂತೆ ಇತ್ತು. ಎರಡೂ ಕಡೆ ಲೋಹ ಇಟ್ಟರೆ ಗುಂಡನ್ನು ದೊಡ್ಡದು ಮಾಡಬಹುದು, ಕೀಲು ಜಾರೋದು ಕಡಿಮೆ ಅಂತ ಲೆಕ್ಕ.

ಲೆಕ್ಕ ತಪ್ಪಿದ್ದು ಎಲ್ಲಿ ಅಂದ್ರೆ, ಎರಡು ಲೋಹ ಒಂದಕ್ಕೊಂದು ಉಜ್ಜಿದಾಗ. ಗುಂಡು, ಬಟ್ಟಲು ಎರಡೂ ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆಸಿದ ಲೋಹ. ಹೆಜ್ಜೆ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಉದುರುತ್ತೆ. ಬಟ್ಟಲು ಸ್ವಲ್ಪ ವಾರೆಯಾಗಿ ಕೂತಿದ್ದರೆ ಇನ್ನೂ ಜಾಸ್ತಿ. ಆ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸುತ್ತೆ, ನೀರು ತುಂಬಿದ ಗಡ್ಡೆ ಕಟ್ಟುತ್ತೆ, ಮೂಳೆಯನ್ನೂ ತಿನ್ನುತ್ತೆ. ಕೋಬಾಲ್ಟ್ ರಕ್ತಕ್ಕೂ ಸೇರುತ್ತೆ. ಅದು ತೀರಾ ಹೆಚ್ಚಾದವರಲ್ಲಿ ಕಿವಿ, ಕಣ್ಣು, ಥೈರಾಯ್ಡ್, ಹೃದಯಕ್ಕೂ ತೊಂದರೆ ಆಗಿದ್ದನ್ನು ಡಾಕ್ಟರುಗಳು ದಾಖಲಿಸಿದ್ದಾರೆ. ಅಂಥವರು ಕಡಿಮೆ, ಆದರೆ ಇದ್ದಾರೆ.

ಮಾವನಿಗೆ 2012ರ ಹೊತ್ತಿಗೇ ತೊಡೆಸಂದಿಯಲ್ಲಿ ನೋವು ಶುರುವಾಗಿತ್ತು. ಮೂರು ವರ್ಷ ಅದನ್ನು ಯಾರೂ ಕೀಲಿನ ನೋವು ಅನ್ನಲಿಲ್ಲ. ಯಾಕೆ ಗೊತ್ತಾ? ರಾಯಚೂರು, ಕೊಪ್ಪಳ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಮಂಡಿ ನೋವು, ಟೊಂಕ ನೋವು ಇಲ್ಲದ ಮನೆ ಸಿಗೋದು ಕಷ್ಟ. "ನೀರಿಂದ ಬಂದಿದ್ದು" ಅಂದರು. "ವಾತ" ಅಂದರು. "ನರ ಎಳೆದಿದೆ" ಅಂದರು. ಎಣ್ಣೆ ತಿಕ್ಕಿಸಿದ್ದಾಯಿತು, ಸೂಜಿ ಚುಚ್ಚಿಸಿದ್ದಾಯಿತು. ಎದ್ದು ನಿಂತಾಗ ಒಳಗೆ ಕಿರ್ ಅನ್ನೋ ಸದ್ದು ಬರುತ್ತೆ ಅಂತ ಮಾವ ಹೇಳ್ತಾನೇ ಇದ್ದರು. ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಕೊನೆಗೆ ಬಳ್ಳಾರಿಯಲ್ಲಿ ನಮ್ಮ ಮನೆಗೆ ಕರೆಸಿಕೊಂಡು ಇಲ್ಲಿನ ಒಬ್ಬ ಮೂಳೆ ಡಾಕ್ಟರಿಗೆ ತೋರಿಸಿದೆ. ಅವರು ಎಕ್ಸ್‌ರೇ ನೋಡಿ ಕೇಳಿದ ಮೊದಲ ಪ್ರಶ್ನೆ, "ಯಾವ ಇಂಪ್ಲಾಂಟ್? ಸ್ಟಿಕರ್ ಎಲ್ಲಿ?" ಅಂತ. ಆಗ ಗೊತ್ತಾಯಿತು, ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲೂ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರೋ ಅಂಟು ಚೀಟಿ ಇರುತ್ತೆ ಅಂತ. ಅದು ಕೇಸ್ ಶೀಟಿಗೂ ಹೋಗಬೇಕು, ಪೇಷಂಟ್ ಕೈಗೂ ಬರಬೇಕು. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದರೆ, ಅಷ್ಟು ಹಳೇ ಫೈಲ್ ಇಟ್ಟಿಲ್ಲ ಅಂದರು.

ರಕ್ತ ಪರೀಕ್ಷೆಗೆ ಕಳಿಸಿದೆವು. ರಕ್ತದಲ್ಲಿ ಕೋಬಾಲ್ಟ್ ಅಥವಾ ಕ್ರೋಮಿಯಂ ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಹುಷಾರಾಗಿ ನೋಡಬೇಕು ಅಂತ ಬ್ರಿಟನ್ನಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯವರು 2010ರಲ್ಲೇ ಗೆರೆ ಹಾಕಿದ್ದರು. ಮಾವನ ಕೋಬಾಲ್ಟ್ 19 ಇತ್ತು. ಮರು ಆಪರೇಷನ್ ಆಯಿತು. ಆಪರೇಷನ್ ಆದ ಮೇಲೆ ಡಾಕ್ಟರು ಸ್ಟೀಲ್ ತಟ್ಟೆಯಲ್ಲಿ ತೆಗೆದ ಗುಂಡನ್ನು ತೋರಿಸಿದರು. ಒಂದು ಕಡೆ ಕನ್ನಡಿ ತರ ಹೊಳಪು, ಇನ್ನೊಂದು ಕಡೆ ಮಂಕು ಪಟ್ಟಿ. ಪಕ್ಕದಲ್ಲಿ ಹತ್ತಿ ಬಟ್ಟೆಗೆ ಬೂದುಗಪ್ಪು ಪೇಸ್ಟು ಮೆತ್ತಿತ್ತು. ಹಳೇ ಬೇರಿಂಗ್ ಬಿಚ್ಚಿದಾಗ ಕೈಗೆ ಹತ್ತುತ್ತಲ್ಲ, ಥೇಟ್ ಅದೇ ಮಸಿ. ಅದು ಮಾವನ ಮೈಯೊಳಗೆ ಇತ್ತು.

ಗುಂಡಿನ ಮೇಲೆ ಸಣ್ಣ ಅಕ್ಷರದಲ್ಲಿ ನಂಬರ್ ಇತ್ತು. ಅಂದ್ರೆ ನಂಬರ್ ಮೊದಲಿಂದಲೂ ಇತ್ತು. ಅದು ಗೊತ್ತಿರಬೇಕಾದ ಮನುಷ್ಯನಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಲೋಹದ ಕೀಲಿನ ಸುದ್ದಿ ಜೋರಾಗಿ ಹೊರಬಿದ್ದದ್ದು 2010ರ ಆಗಸ್ಟ್‌ನಲ್ಲಿ. ಜಾನ್ಸನ್ ಅಂಡ್ ಜಾನ್ಸನ್ನಿನ ಡೆಪ್ಯೂ ಕಂಪನಿ ತನ್ನ ಏಎಸ್‌ಆರ್ ಕೀಲನ್ನು ಜಗತ್ತಿನೆಲ್ಲೆಡೆ ವಾಪಸ್ ತೆಗೆದುಕೊಂಡಿತು. (ಮಾವನದು ಅದಲ್ಲ, ಬೇರೆ.) ಅಷ್ಟರಲ್ಲಿ ಸುಮಾರು 93,000 ಜನರಿಗೆ ಅದನ್ನು ಹಾಕಿಯಾಗಿತ್ತು. ಸಿಕ್ಕಿಬಿದ್ದದ್ದು ಹೇಗೆ ಅಂದ್ರೆ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಹಾಕಿದ ಕೀಲುಗಳ ಲೆಕ್ಕವನ್ನು ಒಂದೇ ಕಡೆ ಬರೆದಿಡುತ್ತಾರೆ. ಐದು ವರ್ಷದೊಳಗೆ ನೂರಕ್ಕೆ 12-13 ಜನರಿಗೆ ಮತ್ತೆ ಆಪರೇಷನ್ ಆಗಿದೆ ಅಂತ ಬ್ರಿಟನ್ನಿನ ಲೆಕ್ಕ ಹೇಳಿತು.

ಭಾರತದಲ್ಲಿ ಏಎಸ್‌ಆರ್ ಹಾಕಿದ್ದು ಸುಮಾರು 4,700 ಆಪರೇಷನ್‌ಗಳಲ್ಲಿ. ಇದನ್ನು ಪರಿಶೀಲಿಸೋಕೆ ಕೇಂದ್ರ ಸರ್ಕಾರ 2017ರಲ್ಲಿ ಡಾ. ಅರುಣ್ ಅಗರ್ವಾಲ್ ಅವರ ಸಮಿತಿ ಮಾಡಿತು. ಮರುವರ್ಷ ವರದಿ ಬಂತು, ಪರಿಹಾರವೂ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಅಂತ ನಿಗದಿಯಾಯಿತು. ಆದರೆ ಸುಮಾರು 3,600 ಜನರ ಪತ್ತೆಯೇ ಇರಲಿಲ್ಲ. ನಾನು ಈ ಸಂಖ್ಯೆ ಓದಿದಾಗ ನೆನಪಾಗಿದ್ದು ಆ ಟ್ರಂಕು. ಪತ್ತೆ ಇಲ್ಲದವರು ಎಲ್ಲಿದ್ದಾರೆ? ನಮ್ಮ ಹಾಗೆ ದೂರದ ಊರಲ್ಲಿ ಆಪರೇಷನ್ ಮಾಡಿಸಿ, ರಾತ್ರಿ ಬಸ್ಸಿಗೆ ಊರಿಗೆ ಬಂದು, ನೋವಿಗೆ ಎಣ್ಣೆ ತಿಕ್ಕಿಸಿಕೊಳ್ತಾ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ತಮ್ಮೊಳಗೆ ಏನಿದೆ ಅಂತಲೇ ಗೊತ್ತಿರಲ್ಲ.

ಯಾರೂ ಹೆದರಬೇಡಿ. ಈಗ ಹಾಕುವ ಕೀಲುಗಳಲ್ಲಿ ಬಹುಪಾಲು ಲೋಹ ಅಥವಾ ಸೆರಾಮಿಕ್ ಗುಂಡು, ಒಳ್ಳೇ ಜಾತಿ ಪ್ಲಾಸ್ಟಿಕ್ ಬಟ್ಟಲು. ಲೋಹಕ್ಕೆ ಲೋಹ ಉಜ್ಜುವ ಮಾದರಿ ಹೆಚ್ಚುಕಡಿಮೆ ನಿಂತೇ ಹೋಗಿದೆ. ಸೊಂಟದ ಕೀಲು ಬದಲಿಸೋದು ತುಂಬ ಒಳ್ಳೇ ಆಪರೇಷನ್, ಹಾಸಿಗೆ ಹಿಡಿದವರನ್ನು ಅದು ಎಬ್ಬಿಸಿ ನಡೆಸಿದೆ. ಡಾಕ್ಟರು ಬೇಕು ಅಂದರೆ ಮಾಡಿಸಿ. ಆದರೆ ಡಿಸ್ಚಾರ್ಜ್ ಆಗುವ ದಿನ ಸ್ಟಿಕರ್ ಕೈಗೆ ಬರೋವರೆಗೂ ಆಸ್ಪತ್ರೆ ಮೆಟ್ಟಿಲು ಇಳಿಯಬೇಡಿ. ಯಾವ ಗುಂಡು, ಯಾವ ಬಟ್ಟಲು ಅಂತ ಬಾಯಿಬಿಟ್ಟು ಕೇಳಿ. ಆಸ್ಪತ್ರೆಗಳೂ ಅದನ್ನು ಕನ್ನಡದಲ್ಲಿ ಒಂದು ಕಾರ್ಡಿನಲ್ಲಿ ಬರೆದುಕೊಡಲಿ. ಲಕ್ಷಗಟ್ಟಲೆ ಬಿಲ್ ಮಾಡುವವರಿಗೆ ಒಂದು ಕಾರ್ಡ್ ಭಾರ ಅಲ್ಲ. ಹೆಲ್ತ್ ಕಾರ್ಡಲ್ಲಿ ಆಗುವ ಆಪರೇಷನ್‌ಗಳಿಗೂ ಸರ್ಕಾರ ಇದನ್ನು ಕಡ್ಡಾಯ ಮಾಡಲಿ. ದುಡ್ಡು ಕೊಡುವಾಗಲೇ ನಂಬರ್ ಬರೆಸಿಕೊಂಡರೆ ಮುಂದೆ ಜನರನ್ನು ಹುಡುಕೋದೇ ಬೇಕಿಲ್ಲ.

2012ಕ್ಕೂ ಮೊದಲು ಸೊಂಟದ ಕೀಲು ಬದಲಿಸಿದವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಹಳೇ ಕಾಗದ ತೆಗೆದು ನೋಡಿ. ಕಾಗದ ಇಲ್ಲದಿದ್ದರೆ ಮೂಳೆ ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿ. ತೊಡೆಸಂದಿ ನೋವು, ಊತ, ಒಳಗೆ ಸದ್ದು ಇದ್ದರಂತೂ ತಡ ಮಾಡಬೇಡಿ. ಮಾವನ ವಿಷಯದಲ್ಲಿ ಆ ಮೂರು ವರ್ಷಕ್ಕೆ ಬೆಲೆ ತೆರಬೇಕಾಯಿತು. ಮಾಂಸ ಅಷ್ಟು ಕೆಟ್ಟಿದ್ದರಿಂದ ಎರಡನೇ ಆಪರೇಷನ್ ಆದ ಮೇಲೂ ಕುಂಟು ಹೋಗಲಿಲ್ಲ. ಈಗಲೂ ಕೋಲು ಹಿಡಿದೇ ಗದ್ದೆಗೆ ಹೋಗುತ್ತಾರೆ. ಹೊಸ ಕೀಲಿನ ಸ್ಟಿಕರನ್ನು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಟ್ರ್ಯಾಕ್ಟರ್ ಆರ್‌ಸಿ ಜೊತೆ ಇಟ್ಟಿದ್ದಾರೆ.

ಮೊನ್ನೆ ಅದೇ ಮಾವ ಫೋನ್ ಮಾಡಿದರು. ಅವರ ಓಣಿಯ ಒಬ್ಬ ಅಜ್ಜಿಗೆ 2009ರಲ್ಲಿ ಆಪರೇಷನ್ ಆಗಿತ್ತಂತೆ. ಎರಡು ವರ್ಷದಿಂದ ತೊಡೆಸಂದಿ ನೋವು, ನೀರಿನ ದೋಷ ಅಂತ ಎಲ್ಲರೂ ಸುಮ್ನಿದ್ದಾರೆ. "ಆಯಿ ಮನ್ಯಾಗ ಒಂದು ಹಾಳೀನೂ ಇಲ್ಲೋ, ಎಲ್ಲಾ ಮಳಿಗೆ ನೆಂದು ಹೋಗ್ಯಾವ" ಅಂದರು. ಈ ಸೋಮವಾರ ಅಜ್ಜಿಯನ್ನು ಬಳ್ಳಾರಿಗೆ ಕರ್ಕೊಂಡು ಬರ್ತಿದ್ದಾರೆ. ಎಕ್ಸ್‌ರೇಗೆ ನಾನು ಹೇಳಿಟ್ಟಿದ್ದೇನೆ.