ಪೀಪಿ ಅಂದುಕೊಂಡ ಅಜ್ಜಿ

"ಹದಿನೈದು ದಿನದಿಂದ ನುಂಗ್ತಾ ಇದೀನಿ ಕಣಪ್ಪಾ, ಉಬ್ಬಸ ಒಂಚೂರೂ ಕಮ್ಮಿ ಆಗಿಲ್ಲ" ಅಂತ ಅಜ್ಜಿಯೊಬ್ಬರು ನಮ್ಮ ಮೆಡಿಕಲ್ ಶಾಪಿಗೆ ಬಂದು ಡಬ್ಬಿ ಮುಂದಿಟ್ಟರು. ನೋಡಿದರೆ ರೋಟಾಕ್ಯಾಪ್. ಅದು ನುಂಗುವ ಕ್ಯಾಪ್ಸೂಲ್ ಅಲ್ಲ. ರೋಟಾಹೇಲರ್ ಅನ್ನುವ ಪ್ಲಾಸ್ಟಿಕ್ ಸಾಧನದ ಒಳಗೆ ಹಾಕಿ, ತಿರುಗಿಸಿ, ಬಾಯಿಂದ ಜೋರಾಗಿ ಉಸಿರೆಳೆದು ಪುಡಿಯನ್ನು ಎದೆಯೊಳಗೆ ಇಳಿಸಬೇಕು.

"ಜೊತೆಗೆ ಒಂದು ಪ್ಲಾಸ್ಟಿಕ್ಕಿಂದು ಕೊಟ್ಟಿದ್ವಲ್ಲ ಅಜ್ಜಿ?"

"ಆ ಪೀಪಿನಾ? ಮೊಮ್ಮಗ ಆಟ ಆಡ್ಕೊಂಡಿದಾನೆ."

ನಗು ಬಂತು. ಹಿಂದೆಯೇ ನಾಚಿಕೆಯೂ ಆಯಿತು. ಕೊಟ್ಟವಳು ನಮ್ಮಲ್ಲಿ ಟ್ರೈನಿಂಗಿಗೆ ಬಂದಿದ್ದ ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಹುಡುಗಿ. ಓದಿನಲ್ಲಿ ಜಾಣೆ. ಉಬ್ಬಸದ ಔಷಧಿ ಸಾಲ್ಬುಟಮಾಲ್ ಹೇಗೆ ಕೆಲಸ ಮಾಡುತ್ತೆ ಅಂದರೆ ಬೀಟಾ-2 ರಿಸೆಪ್ಟರಿನಿಂದ ಶುರು ಮಾಡಿ ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಾಳೆ. ಅಜ್ಜಿಗೆ ಹೇಳಿದ್ದು ಮಾತ್ರ "ಬೆಳಿಗ್ಗೆ ಒಂದು, ರಾತ್ರಿ ಒಂದು". ಕವರ್ ಮೇಲೂ ನೀಟಾಗಿ 1-0-1 ಬರೆದಿದ್ದಳು. ರೋಟಾಹೇಲರನ್ನು ಅವಳೇ ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ. ಪಕ್ಕದಲ್ಲೇ ಬಿಲ್ ಹಾಕುತ್ತಿದ್ದ ನಾನೂ ಗಮನಿಸಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಡಿ.ಫಾರ್ಮಾಗೆ 500 ಗಂಟೆ ಟ್ರೈನಿಂಗ್ ಕಡ್ಡಾಯ. ಅದರಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವ ಕೆಲಸದಲ್ಲೇ ಕಳೆಯಬೇಕು. ಆದರೆ ಗಂಟೆ ಎಣಿಸುತ್ತೇವೆ, ಕಲಿತದ್ದನ್ನು ಎಣಿಸುವುದಿಲ್ಲ. ಒಂದು ದಿನವೂ ಬರದೆ "ಸುಮ್ನೆ ಸೀಲ್ ಹಾಕಿ ಕೊಡಿ ಸರ್" ಅಂತ ಫಾರ್ಮ್ ಹಿಡಿದು ಬರುವವರೂ ಇದ್ದಾರೆ. 2022ರಲ್ಲಿ, ಡಿ.ಫಾರ್ಮಾ ಮುಗಿಸಿದವರು ಫಾರ್ಮಸಿಸ್ಟ್ ಆಗಿ ನೋಂದಾಯಿಸುವ ಮುಂಚೆ ಬರೆಯಬೇಕಾದ ಎಕ್ಸಿಟ್ ಎಕ್ಸಾಮ್ ನಿಯಮ ಬಂತು. ಒಳ್ಳೇದೇ. ಆದರೆ ಅದೂ ಮೂರು ಪೇಪರ್, ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸುವುದು. ಅಜ್ಜಿ ಹತ್ತಿರ ನಾಲ್ಕು ಆಯ್ಕೆ ಇರೋದಿಲ್ಲ ಅಲ್ವಾ?

ಇದಕ್ಕೆ ದಾರಿ ಇಲ್ಲದೇ ಇಲ್ಲ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು 1975ರಲ್ಲೇ ವೈದ್ಯ ವಿದ್ಯಾರ್ಥಿಗಳಿಗೆ ಆಸ್ಕಿ (OSCE) ಅನ್ನುವ, ಕೆಲಸ ಮಾಡಿ ತೋರಿಸುವ ಪರೀಕ್ಷೆ ತಂದರು. ಸಾಲಾಗಿ ಮೇಜುಗಳು, ಒಂದೊಂದರಲ್ಲೂ ಒಂದು ಕೆಲಸ, ಗಂಟೆ ಹೊಡೆದ ಕೂಡಲೇ ಮುಂದಿನ ಮೇಜು. ಕೆಲವು ಕಡೆ ರೋಗಿಯ ಪಾತ್ರಕ್ಕೆ ತರಬೇತಿ ಪಡೆದವರೇ ಕೂತಿರುತ್ತಾರೆ. ಫಾರ್ಮಸಿಗೂ ಅದು ಬಂದು ಎಷ್ಟೋ ವರ್ಷವಾಯಿತು.

"ಅಷ್ಟೊಂದು ಮಕ್ಕಳಿಗೆ ಈ ಪರೀಕ್ಷೆ ಮಾಡೋಕೆ ಆಗುತ್ತಾ?" ಅಂತ ಲೆಕ್ಚರರ್ ಗೆಳೆಯ ಕೇಳಿದ. ಅರವತ್ತು ಮಕ್ಕಳು, ತಲಾ ಐದು ನಿಮಿಷ. ಒಂದು ಮೇಜಿಗೆ ಐದು ಗಂಟೆ. ರೆಕಾರ್ಡ್ ಬುಕ್ಕಿಗೆ ಸಹಿ ಹಾಕೋಕೆ ಇದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತೆ.

ನನ್ನದು ಎರಡು ಷರತ್ತು. ಆ ಐದು ನಿಮಿಷ ಕನ್ನಡದಲ್ಲಿ ನಡೆಯಬೇಕು. ಇನ್ನೊಂದು, "ವಿವರಿಸಿದಳು" ಅಂತ ಟಿಕ್ ಹಾಕಿ ಮಾರ್ಕ್ಸ್ ಕೊಡಬಾರದು. ಹಾಗಾದರೆ ಮಕ್ಕಳು ಅದನ್ನೂ ಉರು ಹೊಡೆಯುತ್ತಾರೆ. ಎದುರಿಗೆ ಕೂತವರು ರೋಟಾಹೇಲರನ್ನು ಕೈಗೆ ತಗೊಂಡು ಸರಿಯಾಗಿ ಎಳೆದು ತೋರಿಸಿದರೆ ಮಾತ್ರ ಮಾರ್ಕ್ಸ್.

ಅಜ್ಜಿಗೆ ಆವತ್ತು ಆ ಹುಡುಗಿಯೇ ಹೇಳಿಕೊಟ್ಟಳು. ಮೂರನೇ ಸಲಕ್ಕೆ ಕ್ಯಾಪ್ಸೂಲ್ ಒಳಗೆ ಗರಗರ ಸದ್ದು ಬಂತು. ಅಜ್ಜಿ ಈಗಲೂ ಅದನ್ನು ಪೀಪಿ ಅಂತಾನೇ ಕರೆಯುತ್ತಾರೆ. ಮೊಮ್ಮಗನಿಗೆ ಬೇರೆ ಪೀಪಿ ಕೊಡಿಸಿದ್ದಾರಂತೆ.